ಗಿಡ್ಡವಾದ ಗಾಲ್ಫ್ ಕೋಲು

ಹವ್ಯಾಸಕ್ಕೆ ಗಾಲ್ಫ್ ಆಡುವ ಚಂಗಪ್ಪನವರ ಚೆಂಡು ಸದಾ ಪೊದೆಗೇ ಹೋಗಿ ಬೀಳುತ್ತಿತ್ತು. ಬೇಸತ್ತ ಅವರು, ಗಿಡ್ಡವಾದರೆ ಹಿಡಿತಕ್ಕೆ ಸಿಕ್ಕೀತೆಂದು, ತಮ್ಮ ಉದ್ದನೆಯ ಕೋಲನ್ನು ಎರಡು ಬೆರಳಿನಷ್ಟು ಕತ್ತರಿಸಿದರು.

"ನಾನು ಗಿಡ್ಡನಾದೆ. ಇನ್ನು ನಿನ್ನನ್ನು ದೂರ ಕಳಿಸಲಾರೆ. ಅವರು ನನ್ನನ್ನು ಎಸೆದೇಬಿಡುತ್ತಾರೆ," ಎಂದು ಕೋಲು ಚೆಂಡಿನೆದುರು ಅಳಲು ತೋಡಿಕೊಂಡಿತು.

"ದೂರ ಹೋಗಿ ಮುಳ್ಳಿನಲ್ಲಿ ಬಿದ್ದವನು ನಾನು. ಏನಾಗುತ್ತದೋ ನೋಡೋಣ," ಎಂದಿತು ಚೆಂಡು.

ಚಂಗಪ್ಪ ಅಳುಕುತ್ತಲೇ ಮೆಲ್ಲಗೆ ಬೀಸಿದರು. ಕೋಲಿನ ತಲೆಯ ನಟ್ಟನಡುವಿಗೆ ತಗುಲಿದ ಚೆಂಡು ನೇರವಾಗಿ ಹಾರಿ ಹುಲ್ಲಿನ ಮೇಲೆ ನಿಂತಿತು. ಕೋಲಿಗೆ ಹೋದ ಜೀವ ಬಂದಂತಾಯಿತು.

ಹಿಗ್ಗಿದ ಚಂಗಪ್ಪ ಮುಂದಿನ ಸಲ ಮೈಯ ಬಲವನ್ನೆಲ್ಲ ಹಾಕಿ ಬೀಸಿದರು. ಚೆಂಡು ಮತ್ತೆ ಪೊದೆ ಸೇರಿತು.

ಅವರ ಕೈಯಲ್ಲಿ ಅಲ್ಲಿಗೆ ಬಂದ ಕೋಲು ಗಾಬರಿಯಿಂದ ಕೇಳಿತು: "ನಾನು ಇನ್ನೂ ಉದ್ದವಿದ್ದೇನೆಯೇ?"

"ಇಲ್ಲ, ನಿನ್ನ ಅಳತೆ ಸರಿಯಾಗಿದೆ," ಎಂದಿತು ಚೆಂಡು. "ಈಗ ಉದ್ದವಾದದ್ದು ಅವರ ಆಸೆ."