ಬಿದಿರು ಬಾಗಿಸಿದ ಮುಸುವ

ಬಿದಿರು ದಟ್ಟವಾಗಿ ಬೆಳೆದ ಒಂದು ಕಾಡಿನಲ್ಲಿ ಭರಮಣ್ಣನೆಂಬ ಮುದಿ ಕರಡಿ ಗರಡಿ ನಡೆಸುತ್ತಿದ್ದ. ಅಲ್ಲಿ ಕಸರತ್ತೆಂದರೆ ಒಂದೇ. ಬಿದಿರನ್ನು ನೆಲದವರೆಗೆ ಬಾಗಿಸಬೇಕು. ಉಸ್ತಾದರು ಒಂದು ಹಿಡಿ ಬೋರೆಹಣ್ಣು ತಿಂದು ಮುಗಿಸುವವರೆಗೆ ಅಲುಗದೆ ಹಿಡಿದಿರಬೇಕು. ಆಮೇಲೆ ನಿಧಾನವಾಗಿ ಮೇಲಕ್ಕೆ ಬಿಡಬೇಕು.

"ಎಳೆಯೋಕೆ ಒಂದು ಬಲ, ಹಿಡಿಯೋಕೆ ಒಂದು ಬಲ, ಬಿಡೋಕೆ ಇನ್ನೊಂದು ಬಲ. ಮೂರೂ ಬೇಕು ಕಣ್ರಪ್ಪಾ," ಎನ್ನುತ್ತಿದ್ದ ಭರಮಣ್ಣ.

ಜಟ್ಟಿಂಗನೆಂಬ ಮುಸುವನಿಗೆ ಎಳೆಯುವುದಷ್ಟೇ ಇಷ್ಟ. ನೋಡುವವರು ಭಲೇ ಎನ್ನುವುದು ಆಗಲೇ ತಾನೆ! ಉಸ್ತಾದರು ಕಣ್ಣು ಮುಚ್ಚಿ ಹಣ್ಣು ಚಪ್ಪರಿಸುವಾಗ ಅವನು ಬಿದಿರನ್ನು ಬಳ್ಳಿಯಿಂದ ಕಟ್ಟಿ, ಸುಮ್ಮನೆ ಕೈಯಿಟ್ಟು ಕೂರುತ್ತಿದ್ದ. ಕೊನೆಗೆ ಬಳ್ಳಿ ಕಡಿದುಬಿಡುತ್ತಿದ್ದ. ಬಿದಿರು ಸುಯ್ಯನೆ ಮೇಲೆದ್ದರೆ, "ಗಾಳಿ ಜೋರು ಉಸ್ತಾದರೇ!" ಎನ್ನುತ್ತಿದ್ದ. ಹೀಗೆ ಮೋಸದಿಂದಲೇ ಮುಖ್ಯ ಶಿಷ್ಯನೂ ಆದ.

ಕೆಂಚವ್ವನೆಂಬ ಮುದಿ ಕೋತಿ ಮಾತ್ರ ತನ್ನ ಅಳತೆಯ ಬಿದಿರು ಹಿಡಿದು, ಮೂರನ್ನೂ ದಿನಾ ತಪ್ಪದೆ ಮಾಡುತ್ತಿದ್ದಳು. "ಅಜ್ಜಿ, ಇದು ಬಿದಿರೋ ಹಲ್ಲುಕಡ್ಡಿಯೋ?" ಎಂದು ಜಟ್ಟಿಂಗ ಗೇಲಿ ಮಾಡುತ್ತಿದ್ದ.

ಒಂದು ಬೆಳಿಗ್ಗೆ ಪಿಕಳಾರ ಹಕ್ಕಿ ಅಳುತ್ತ ಬಂದಿತು. "ಉಸ್ತಾದರೇ, ಹಳ್ಳದ ದಂಡೆಯ ಬಿದಿರ ತುದೀಲಿ ನನ್ನ ಗೂಡು ಕಿತ್ತು ನೇತಾಡ್ತಿದೆ. ಒಳಗೆ ಮೂರು ಮರಿ ಇವೆ. ನೀರಿಗೆ ಬಿದ್ದುಬಿಡ್ತವೆ!"

"ನಾನಿದ್ದೀನಲ್ಲ!" ಎಂದ ಜಟ್ಟಿಂಗ. ಎಲ್ಲರೂ ಹಳ್ಳಕ್ಕೆ ಓಡಿದರು. ಅವನು ಬಿದಿರನ್ನು ಸಲೀಸಾಗಿ ಬಾಗಿಸಿದ. ಭರಮಣ್ಣ ಗೂಡಿಗೆ ಕೈ ಹಾಕಿ ಒಂದು ಮರಿಯನ್ನು ಎತ್ತಿದ. ಅಷ್ಟರಲ್ಲೇ ಜಟ್ಟಿಂಗನ ತೋಳು ಗಡಗಡ ನಡುಗಿತು.

"ಉಸ್ತಾದರೇ, ನನ್ನ ಕೈಲಾಗ್ತಿಲ್ಲ!"

ತಾಯಿಹಕ್ಕಿಯ ಜೀವ ಬಾಯಿಗೆ ಬಂತು. ಕೆಂಚವ್ವ ಓಡಿಬಂದು ಬಿದಿರನ್ನು ತಬ್ಬಿದಳು. ಹಲ್ಲು ಕಚ್ಚಿ ಹಿಡಿದಳು. ಎರಡನೆಯ ಮರಿ ಬಂತು. ಮೂರನೆಯದೂ ಬಂತು. ಆಹಾ, ಎಲ್ಲರಿಗೂ ಎಂಥ ಸಂತೋಷ!

ಜಟ್ಟಿಂಗನಿಗೆ ಮಾತ್ರ ಹೊಟ್ಟೆಯುರಿ. "ಇನ್ನು ಬಿಡೋದು ತಾನೆ ಅಜ್ಜಿ? ಅದೇನು ಮಹಾ!" ಎಂದು ಅವಳನ್ನು ಪಕ್ಕಕ್ಕೆ ತಳ್ಳಿ ಬಿದಿರಿಗೆ ಜೋತುಬಿದ್ದ. ಬಿದಿರು ಅವನನ್ನೂ ಹೊತ್ತು ಚಂಗನೆ ಮೇಲೆದ್ದಿತು. ಮುಖ್ಯ ಶಿಷ್ಯ ಆಕಾಶದಲ್ಲಿ ಎರಡು ಪಲ್ಟಿ ಹೊಡೆದು ಹಳ್ಳದ ಕೆಸರಿಗೆ ಬಿದ್ದ.

ಕೆಸರು ಸುರಿಸುತ್ತ ಎದ್ದು ಬಂದು, "ತಪ್ಪಾಯ್ತು ಉಸ್ತಾದರೇ, ಇಷ್ಟು ದಿನ ನಿಮಗೆ ಮೋಸ ಮಾಡಿದೆ," ಎಂದು ಕಿವಿ ಹಿಡಿದುಕೊಂಡ.

"ನನಗೆಲ್ಲೋ ಮಾಡಿದೆ? ಕೆಸರಲ್ಲಿ ಬಿದ್ದವನು ನೀನು!" ಎಂದು ಭರಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಮುಖ್ಯ ಶಿಷ್ಯೆಯ ಪಟ್ಟ ಅಂದೇ ಕೆಂಚವ್ವನಿಗೆ ಸಿಕ್ಕಿತು.

ನೀತಿ: ಗುರುವಿನ ಕಣ್ಣು ತಪ್ಪಿಸಿ ಅರೆಬರೆ ಅಭ್ಯಾಸ ಮಾಡಿದವನಿಗೆ ಬೇಕಾದ ಹೊತ್ತಿನಲ್ಲಿ ಬಲ ಒದಗುವುದಿಲ್ಲ.