ಎಣ್ಣೆ ಕಂಡ ಚಾಕು

ಕುರಿಗಾಹಿ ಮಾಳಪ್ಪನ ಅಂಗಿಯ ಜೇಬಿನಲ್ಲಿ ಒಂದು ಮಡಚುವ ಚಾಕುವೂ ಒಂದು ಬಾಚಣಿಗೆಯೂ ಇದ್ದವು. ಚಾಕು ದಿನವಿಡೀ ದುಡಿಯುತ್ತಿತ್ತು. ಈರುಳ್ಳಿ ಹೆಚ್ಚಿದರೂ, ಕುರಿಯ ಗೊರಸು ಕೆತ್ತಿದರೂ ಮಾಳಪ್ಪ ಅದನ್ನು ಒರೆಸದೆ ಹಾಗೇ ಮಡಚಿ ಜೇಬಿಗೆ ತುರುಕುತ್ತಿದ್ದ. ಅದರ ಕೀಲಿನಲ್ಲಿ ತುಕ್ಕು ಕೂತಿತ್ತು, ಹೊಟ್ಟೆಯಲ್ಲಿ ಸಿಟ್ಟು ಕುದಿಯುತ್ತಿತ್ತು.

“ನಾಳೆ ನಾನು ಬಿಚ್ಚಿಕೊಳ್ಳುವುದಿಲ್ಲ,” ಎಂದಿತು ಚಾಕು.

“ಧಣಿಯ ಮೇಲೆ ಮುನಿಸು ತರವಲ್ಲ,” ಎಂದಿತು ಬಾಚಣಿಗೆ.

“ನಿನ್ನನ್ನು ತಲೆಯ ಮೇಲೆ ಇಟ್ಟುಕೊಳ್ಳುತ್ತಾನೆ. ನೀನು ಹೀಗಲ್ಲದೆ ಇನ್ನು ಹೇಗೆ ಮಾತಾಡುತ್ತೀಯೆ?”

ಮರುದಿನ ಒಂದು ಕುರಿಮರಿ ಬೇಲಿಯ ನೈಲಾನ್ ಬಲೆಯಲ್ಲಿ ಕೊರಳು ಸಿಕ್ಕಿಸಿಕೊಂಡು ಒದ್ದಾಡಿತು. ಮಾಳಪ್ಪ ಓಡಿಬಂದು ಚಾಕು ಬಿಚ್ಚಲು ಉಗುರು ಹಾಕಿ ಎಳೆದ. ಚಾಕು ಬಿಗಿದುಕೊಂಡೇ ಕೂತಿತು. ಮರಿಯ ನಾಲಿಗೆ ಹೊರಬಿತ್ತು. ಈ ಮರಿ ನನಗೇನು ಕೇಡು ಮಾಡಿದೆ ಎಂದು ಚಾಕುವಿಗೆ ಆಗ ಅನಿಸಿತು. ತುಕ್ಕಿನೊಂದಿಗೆ ಗುದ್ದಾಡಿ ಬಿಚ್ಚಿಕೊಂಡು, ಒಂದೇ ಎಳೆತಕ್ಕೆ ಬಲೆಯನ್ನು ಕತ್ತರಿಸಿತು.

ಮಾಳಪ್ಪ ಮರಿಯನ್ನು ಎದೆಗವಚಿಕೊಂಡ. “ಈ ದರಿದ್ರ ಚಾಕು ನಿನ್ನ ಜೀವಾ ತಗೀತಿತ್ತಲ್ಲೋ ನನ್ನಪ್ಪಾ,” ಎನ್ನುತ್ತ ಚಾಕುವನ್ನು ರಪ್ಪನೆ ಮಡಚಿದ. ಚಾಕುವಿಗೆ ಮೈಯೆಲ್ಲ ಉರಿದುಹೋಯಿತು. ಅವನ ಹೆಬ್ಬೆರಳು ಅಡ್ಡ ಇತ್ತು. ಚಾಕು ತಪ್ಪಿಸಲಿಲ್ಲ.

ಬೆರಳಿಗೆ ಬಟ್ಟೆ ಸುತ್ತಿಕೊಂಡ ಮಾಳಪ್ಪ ಆ ಸಂಜೆ ಚಾಕುವನ್ನು ತೊಳೆದು, ಒರೆಸಿ, ಹುಷಾರಾಗಿ ಕೀಲಿಗೆ ಎಣ್ಣೆ ಬಿಟ್ಟ.

“ಕೊನೆಗೂ ನಿನ್ನ ಮೇಲೆ ಧಣಿಗೆ ಕರುಣೆ ಬಂತು ನೋಡು,” ಎಂದಿತು ಬಾಚಣಿಗೆ.

“ಮರಿಯನ್ನು ಉಳಿಸಿದ್ದಕ್ಕೆ ಬೈದ, ಬೆರಳು ಕೊಯ್ದದ್ದಕ್ಕೆ ಎಣ್ಣೆ ಹಾಕಿದ,” ಎಂದಿತು ಚಾಕು. “ನಾನು ಹೇಗಿರಬೇಕೆಂದು ಅವನೇ ಕಲಿಸಿಕೊಟ್ಟ.”