ಸಾಯದ ಹಕ್ಕಿಗಳು

ಒಪ್ಪಂದ ಇಷ್ಟೇ: ಆರು ಹಳೆಯ ವಿಡಿಯೋ ಗೇಮ್ ಮಷಿನ್ನು, ಹತ್ತು ದಿನ, ಮೂವತ್ತು ಸಾವಿರ ರೂಪಾಯಿ. ಕೆಲಸ ಸರಿಹೋದರೆ ನೀಲಗಂಗಾಗೆ ಕಿಟಕಿ ಪಕ್ಕದ ಮೇಜು.

ಮೂವತ್ತು ಸಾವಿರ ಗುರುಗಳ ಡ್ರಾಯರಿಗೆ ಹೋಗುವಂಥದ್ದು. ನೀಲಗಂಗಾಗೆ ಬೇಕಾಗಿದ್ದು ಮೇಜು.

ಹೊಳೆಯ ದಂಡೆಯ ಆ ಹೆಂಚಿನ ಕೋಣೆಯಲ್ಲಿ ರಿಪೇರಿಯ ಮೇಜು ಎರಡೇ. ಬಾಗಿಲ ಬಳಿಯದು ಕಲಿಯುವವರದು, ಕಿಟಕಿಯ ಬಳಿಯದು ಕಲಿತವರದು. ಕಿಟಕಿಯ ಬಳಿ ಕೂತವರು ಯಾರನ್ನೂ ಕೇಳದೆ ಸ್ಕ್ರೂ ಬಿಚ್ಚಬಹುದು, ತಮ್ಮ ಗಿರಾಕಿಯ ಹತ್ತಿರ ತಾವೇ ಮಾತಾಡಬಹುದು. ಗುರು ಅಡಿವೆಪ್ಪನವರ ಕಣ್ಣು ಮಂಜಾದಾಗಿನಿಂದ, ನಾಲ್ಕು ವರ್ಷ, ಆ ಮೇಜು ಖಾಲಿ ಬಿದ್ದಿತ್ತು. ನೀಲಗಂಗಾ ಬಂದು ಮೂರು ವರ್ಷವಾಗಿತ್ತು. ಇನ್ನೂ ಬಾಗಿಲ ಗಾಳಿಗೆ ಬೆನ್ನು ಕೊಟ್ಟೇ ಬೆಸುಗೆ ಹಾಕುತ್ತಿದ್ದಳು.

ಊರಿನವರು ಆ ಕೋಣೆಗೆ ಆಶ್ರಮ ಅನ್ನುತ್ತಿದ್ದರು. ಅಲ್ಲಿಗೆ ಹೋದವರಿಗೆ ಚಹಾ ಸಿಗುತ್ತಿರಲಿಲ್ಲ, ಕೇಳಿದ್ದಕ್ಕೆ ನೆಟ್ಟಗಿನ ಉತ್ತರವೂ ಸಿಗುತ್ತಿರಲಿಲ್ಲ.

ಮಷಿನ್ನು ತಂದವನು ದಸ್ತಗೀರ್. ಬಸ್ ಸ್ಟ್ಯಾಂಡಿನ ಹಿಂದೆ ಅವನದು 'ಶಿಕಾರಿ ಗೇಮ್ಸ್' ಅಂತ ಅಂಗಡಿ. ಗಂಟೆಗೆ ಇಷ್ಟು ಅಂತ ಕೊಟ್ಟು ಹುಡುಗರು ಆಡುವ ಜಾಗ.

"ಹಳೇ ಡಬ್ಬಾ ಟಿವಿ ಒಂದೊಂದ ಸಾಯಾಕತ್ಯಾವ, ಕಾಕಾ," ಅಂದ. "ಗ್ವಾಡಿಗೆ ಹಚ್ಚೋವು ಆರು ಹೊಸಾ ಟಿವಿ ತಂದೀನಿ. ಅವಕ್ಕ ಈ ಮಷಿನ್ನಿನ ವಾಯರು ಚುಚ್ಚಿದ್ರ ಚಿತ್ರ ಕೆಸರು ಕಲಸಿದಂಗ ಬರತೈತಿ. ಇವಕ್ಕ ಹೊಸಾ ಟಿವಿಗೆ ಹೊಂದೋ ಎಚ್‌ಡಿಎಂಐ ಸಾಕೆಟ್ಟು ಕೂಡಿಸಿ ಕೊಡ್ರಿ. ಮುಂದಿನ ಸೋಮವಾರದ ಒಳಗ ಬೇಕು, ಸಾಲಿ ಸೂಟಿ ಬೀಳತೈತಿ."

ನೀಲಗಂಗಾ ಆರು ಚೀಟಿ ಬರೆದು ಆರು ಮಷಿನ್ನಿಗೆ ಕಟ್ಟಿದಳು. ಆರರ ಮೇಲೂ 'ಶಿಕಾರಿ' ಅಂತ ದುಂಡಗೆ ಬರೆದಳು.

ಹಳೆಯ ಮಷಿನ್ನಿನೊಳಗೆ ಚಿತ್ರ ಹುಟ್ಟಿಸುವ ಒಂದು ಚಿಪ್ ಇರುತ್ತದೆ. ಅದರ ಕಾಲುಗಳು ಕೂದಲಿನಷ್ಟು ಸಣ್ಣ. ಆ ಕಾಲುಗಳ ಮೇಲೆ ಕಾಗದದಷ್ಟು ತೆಳ್ಳಗಿನ ಒಂದು ಪಟ್ಟಿಯನ್ನು ಬೆಸೆದು, ಚಿತ್ರವನ್ನು ಹುಟ್ಟಿದಲ್ಲೇ ಹಿಡಿದು, ಹೊಸ ಟಿವಿಗೆ ತಿಳಿಯುವ ಹಾಗೆ ಕಳಿಸಬೇಕು. ಒಂದು ಕಾಲಿನ ಬೆಸುಗೆ ಸೀಸ ಪಕ್ಕದ ಕಾಲಿಗೆ ಮುಟ್ಟಿತೋ, ಮಷಿನ್ನು ಹೋಯಿತು.

ಅವಳು ಮೊದಲನೆಯದನ್ನು ಬಿಚ್ಚಿ ಕೇಳಿದಳು:

"ಗುರುಗಳ, ಮೊದಲ ಪಟ್ಟಿ ಕೂಡಸ್ಲೋ, ಹೊಸಾ ಸಾಕೆಟ್ಟಿಗೆ ಜಾಗಾ ಮಾಡ್ಲೋ?"

"ಆಡಿದಿಯೇನು?"

"ಏನ್ರಿ?"

"ಆಟ. ಇವುಗಳ ಮ್ಯಾಲೆ ಆ ಹುಡುಗರು ಏನ ಆಡ್ತಾರೋ, ಅದನ್ನ."

"ನಾ ಆಡಾಕ ಬಂದಿಲ್ರಿ. ಕಲಿಯಾಕ ಬಂದೀನಿ."

"ಹಂಗಾರ ಕಲಿ," ಅಂದು ಗುರುಗಳು ಧೋತರ ಹಿಂಡಿಕೊಂಡು ಬರಲು ಹೊಳೆಗೆ ಇಳಿದರು.

ನೀಲಗಂಗಾ ಹಲ್ಲು ಕಡಿದಳು. ಪಟ್ಟಿ ಮೊದಲೋ ಸಾಕೆಟ್ಟು ಮೊದಲೋ ಅಂದರೆ ಆಟವಂತೆ. ಮೂರು ವರ್ಷದಿಂದ ಇದೇ ಗೋಳು. ಉಪ್ಪು ಕೇಳಿದರೆ ಈ ಮನುಷ್ಯ ಸಮುದ್ರದ ದಾರಿ ತೋರಿಸುತ್ತಾನೆ.

ಪಟ್ಟಿಯನ್ನೇ ಮೊದಲು ಕೂರಿಸಿದಳು. ಸರಿಯಾಗಿ ಕೂತಿತು.

ನಾಲ್ಕನೆಯ ದಿನ ಸಾಕೆಟ್ಟಿನ ತಕರಾರು ಬಂತು. ಹೊಸ ಸಾಕೆಟ್ಟು ಕೂರಬೇಕಾದ ಜಾಗದಲ್ಲಿ ಹಳೆಯದು ಕೂತಿತ್ತು. ಡಬ್ಬಾ ಟಿವಿಗೆ ವೈರು ಚುಚ್ಚುವಂಥದ್ದು.

"ಗುರುಗಳ, ಹಳೇ ಸಾಕೆಟ್ಟು ತೆಗದು ಬಿಡ್ಲೇನ್ರಿ? ಇನ್ನ ಅದು ಯಾರಿಗೆ ಬೇಕು?"

"ನನ್ನ ಯಾಕ ಕೇಳ್ತಿ? ಆಡಾವ ನಾನೇನು?"

ಬೇಡ ಅನ್ನಲಿಲ್ಲವಲ್ಲ. ತೆಗೆದಳು.

ನಾಲ್ಕು ಮಷಿನ್ನಿನವನ್ನು ಸೀಸ ಕರಗಿಸಿ, ಎಳೆಯದೆ ಜಗ್ಗದೆ, ನಿಧಾನಕ್ಕೆ ಬಿಡಿಸಿದಳು. ಒಂದೊಂದಕ್ಕೆ ಎರಡು ತಾಸು ಹಿಡಿಯಿತು. ದಿನ ಕಡಿಮೆ ಬಿದ್ದವು. ಉಳಿದೆರಡನ್ನು ಕಟರ್ ಹಾಕಿ ಕತ್ತರಿಸಿ ಕಿತ್ತಳು. ಹತ್ತು ನಿಮಿಷದ ಕೆಲಸ.

ಕಿತ್ತದ್ದನ್ನು ಕಸದ ಡಬ್ಬಿಗೆ ಹಾಕಿ, ಒಂದೊಂದೇ ಮಷಿನ್ನನ್ನು ಟಿವಿಗೆ ಹಚ್ಚಿದಳು. ಆಟದ ಹೆಸರು ಬಂತು, ಬಣ್ಣ ಬಂತು, ಸದ್ದು ಬಂತು. ಆರಿಸಿದಳು. ಮುಂದಿನದು.

ಗುರುಗಳು ದಪ್ಪ ಭೂತಗನ್ನಡಿ ಹಿಡಿದು ಬೆಸುಗೆ ನೋಡಿದರು. ಕಾಲಿನಿಂದ ಕಾಲಿಗೆ, ಇರುವೆ ಹೋದ ಹಾಗೆ ನೋಡಿದರು.

"ಚೊಲೊ ಐತಿ," ಅಂದರು.

ಮೂರು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದಿದ್ದು ಅದೇ ಮೊದಲು. ನೀಲಗಂಗಾಳ ಕಣ್ಣು ತನ್ನಷ್ಟಕ್ಕೆ ಕಿಟಕಿಯ ಕಡೆ ಹೋಯಿತು.

"ಆಡಿದಿಯೇನು?"

"ಹತ್ತು ದಿನದಾಗ ಆರು ಮಷಿನ್ನು, ಗುರುಗಳ! ಆಡ್ಕೋತ ಕುಂತ್ರ ಕೆಲಸ ಯಾರು ಮಾಡ್ತಾರ?"

ಗುರುಗಳು ರೊಟ್ಟಿ ಮುರಿದರು.

"ಹೌದು," ಅಂದರು. "ಯಾರು ಮಾಡ್ತಾರ."

ಶನಿವಾರ ಬೆಳಿಗ್ಗೆ ಅವಳು ಆಟೋದಲ್ಲಿ ಆರೂ ಮಷಿನ್ನು ಇಟ್ಟುಕೊಂಡು ಶಿಕಾರಿ ಗೇಮ್ಸ್‌ಗೆ ಹೋದಳು. ಆರು ಹೊಸ ಟಿವಿ ಗೋಡೆಯ ಮೇಲೆ ಸಾಲಾಗಿ ಕಾಯುತ್ತಿದ್ದವು. ವೈರು ಚುಚ್ಚಿದಳು.

ದಸ್ತಗೀರ್ ಬಾಯಿ ಬಿಟ್ಟುಕೊಂಡು ನೋಡಿದ.

"ಯಪ್ಪಾ! ಏನ್ ಚಿತ್ರ, ಅಕ್ಕಾರ! ಕನ್ನಡಿ ತೊಳದಂಗ ಐತಲ್ಲ. ಈ ಹಕ್ಕಿಗೆ ಪುಕ್ಕ ಇದ್ದಿದ್ದ ನನಗ ಗೊತ್ತಿರಲಿಲ್ಲ!"

ಅವಳಿಗೆ ಇಷ್ಟು ದಿನದ ಬೆನ್ನುನೋವು ಇಳಿದ ಹಾಗಾಯಿತು.

ದಸ್ತಗೀರ್ ಬೀರು ತೆಗೆದ. ಒಳಗಿನಿಂದ ಆರು ಪ್ಲಾಸ್ಟಿಕ್ ಬಂದೂಕು ತಂದ. ಒಂದನ್ನು ಮಷಿನ್ನಿಗೆ ಚುಚ್ಚಿ, ಒಂದು ಕಣ್ಣು ಮುಚ್ಚಿ, ಹಾರುವ ಹಕ್ಕಿಗೆ ಗುರಿಯಿಟ್ಟು ಒತ್ತಿದ.

ಹಕ್ಕಿ ಹಾರಿಹೋಯಿತು.

ಮತ್ತೆ ಒತ್ತಿದ. ಹಕ್ಕಿ ಹಾರಿಹೋಯಿತು.

ಬಂದೂಕು ಬದಲಿಸಿದ, ಮಷಿನ್ನು ಬದಲಿಸಿದ. ಕೊನೆಗೆ ಬಂದೂಕಿನ ಮೂತಿಯನ್ನು ಟಿವಿಗೇ ಒತ್ತಿ ಹಿಡಿದು, ಹಕ್ಕಿಯ ಹೊಟ್ಟೆಯ ಮೇಲೇ ಹೊಡೆದ. ಹಕ್ಕಿ ರೆಕ್ಕೆ ಬಡಿಯುತ್ತ ಆಕಾಶಕ್ಕೆ ಹೋಯಿತು.

"ಅಕ್ಕಾರ," ಅಂದ ದಸ್ತಗೀರ್, "ನೀವು ಈ ಹಕ್ಕಿಗೆ ವರ ಕೊಟ್ಟೀರೇನು? ಸಾವೇ ಇಲ್ಲ ಇದಕ್ಕ."

ನೀಲಗಂಗಾಗೆ ಅರ್ಥವಾಗಲು ಒಂದು ನಿಮಿಷ ಸಾಕಾಯಿತು. ಆ ಬಂದೂಕು ಗುಂಡು ಹೊಡೆಯುವುದಲ್ಲ, ಬೆಳಕು ನೋಡುವುದು. ಡಬ್ಬಾ ಟಿವಿ ಚಿತ್ರವನ್ನು ಗೆರೆ ಗೆರೆಯಾಗಿ, ಬಂದ ಕ್ಷಣದಲ್ಲೇ ಬರೆಯುತ್ತದೆ. ಬಂದೂಕು ಆ ಬೆಳಕನ್ನು ಹಿಡಿದು, ಗುರಿ ಬಿತ್ತು ಅನ್ನುತ್ತದೆ. ಹೊಸ ಟಿವಿ ಚಿತ್ರವನ್ನು ಒಂದು ರೆಪ್ಪೆಯಷ್ಟು ತಡೆದು, ತಿದ್ದಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಬಂದೂಕು ಕಣ್ಣು ಮುಚ್ಚಿರುತ್ತದೆ.

"ಹೊಸಾ ಟಿವಿಯೊಳಗ ಬಂದೂಕು ನಡೆಯಂಗಿಲ್ರಿ," ಅಂದಳು. "ಬಂದೂಕಿನ ವಿಚಾರ ನೀವ್ಯಾಕ ಹೇಳಲಿಲ್ಲ?"

"ನೀವ್ಯಾಕ ಕೇಳಲಿಲ್ಲ? ಅಂಗಡಿ ಹೆಸರು ಶಿಕಾರಿ! ನಿಮ್ಮ ಕೈಲೇ ಆರು ಸಲ ಬರದೀರಿ, ಇಲ್ಲಿ ನೋಡ್ರಿ, ಎಷ್ಟು ದುಂಡಗ ಬರದೀರಿ! ಶಿಕಾರಿ ಮಾಡಾಕ ಏನು ಸೌಟು ಹಿಡೀತಾರೇನು?"

ಅವಳು ಚೀಟಿಯ ಮೇಲಿನ ತನ್ನ ಅಕ್ಷರ ಓದಿದಳು.

"ಹೋಗ್ಲಿ," ಅಂದ ಅವನು, ಹಣೆ ಒರೆಸಿಕೊಂಡು. "ಡಬ್ಬಾ ಟಿವಿ ಇನ್ನೂ ಹಿಂದಿನ ಖೋಲಿಯೊಳಗ ಅದಾವ. ನಾಲ್ಕೈದು ಉಸಿರಾಡ್ತಾವ. ಅವಕ್ಕ ಹಚ್ಚೋಣು. ಹಳೇ ವಾಯರು ಎಲ್ಲಿ ಚುಚ್ಚಲಿ?"

ಮಷಿನ್ನು ತಿರುಗಿಸಿ ಹಿಂದೆ ನೋಡಿದ. ಹಳೆಯ ವೈರು ಚುಚ್ಚುವ ಜಾಗವೇ ಇರಲಿಲ್ಲ.

ದಸ್ತಗೀರ್ ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತ. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಅವಳು ಆರೂ ಮಷಿನ್ನು ಹೊತ್ತು ತಂದು ಗುರುಗಳ ಮುಂದೆ ಇಟ್ಟಳು, ಇಟ್ಟಿದ್ದಕ್ಕಿಂತ ಎತ್ತಿಹಾಕಿದ್ದೇ ಹೆಚ್ಚು. ನಡೆದದ್ದನ್ನೆಲ್ಲ ಹೇಳಿದಳು.

"ನಿಮಗ ಗೊತ್ತಿತ್ತೇನ್ರಿ?"

"ಇಲ್ಲ."

"ಮತ್ತ ಆಡಿದಿಯೇನು ಆಡಿದಿಯೇನು ಅಂತ ಇಷ್ಟು ದಿನ ತಲಿ ತಿಂದ್ರಲ್ಲ?"

"ಗೊತ್ತಿದ್ರ ಹೇಳತಿದ್ದೆ. ಗೊತ್ತಿರಲಿಲ್ಲ, ಅದಕ್ಕ ಆಡು ಅಂದೆ."

ನೀಲಗಂಗಾಗೆ ಅಳು ಬರುವುದರಲ್ಲಿತ್ತು. ಸಿಟ್ಟು ಅದಕ್ಕಿಂತ ಮೊದಲೇ ಬಂತು.

"ನನ್ನ ಬೆಸುಗೆಯೊಳಗ ಒಂದು ತಪ್ಪು ತೋರಸ್ರಿ ನೋಡೋಣು!"

ಗುರುಗಳು ಭೂತಗನ್ನಡಿ ತಗೊಂಡರು. ಆರೂ ಮಷಿನ್ನನ್ನು ಮತ್ತೆ ನೋಡಿದರು. ಅರ್ಧ ತಾಸು ಹಿಡಿಯಿತು. ಅವಳು ನಿಂತೇ ಇದ್ದಳು.

"ಒಂದೂ ಇಲ್ಲ," ಅಂದರು. "ಈ ತಾಲೂಕಿನಾಗ ಇಷ್ಟು ಚಂದ ಬೆಸುಗೆ ಹಾಕಿ ಇಷ್ಟು ಚಂದ ಉಪಯೋಗಿಲ್ಲದ ಕೆಲಸ ಯಾರೂ ಮಾಡಿಲ್ಲ."

ಆಮೇಲೆ ಮೇಜಿನ ಅಡಿಯಿಂದ ಒಂದು ಎಣ್ಣೆ ಡಬ್ಬಿ ಎಳೆದು ಬೋರಲು ಹಾಕಿದರು. ಹಳೆಯ ಸಾಕೆಟ್ಟುಗಳು ಉದುರಿದವು.

"ಕಸದಾಗಿಂದ ಆರಿಸಿ ಇಟ್ರೇನ್ರಿ?" ಅವಳ ಮುಖ ಅರಳಿತು. "ಮುಂದ ಬೇಕಾದೀತು ಅಂತ?"

"ತಾಮ್ರ ಐತಿ ಅಂತ. ಗುಜರಿಯವ ಕಿಲೋ ಲೆಕ್ಕ ಕೊಡ್ತಾನ."

"ನೀವ ಕೂಡಿಸಿಕೊಡ್ರಿ, ಗುರುಗಳ. ಇನ್ನ ಒಂದ ದಿನ ಉಳದೈತಿ."

"ನನ್ನ ಕಣ್ಣು ಸರಿ ಇದ್ದಿದ್ರ ನಿನ್ನ ಯಾಕ ಇಟ್ಟುಕೊಳ್ತಿದ್ದೆ? ಮಾಡು."

ಮಾಡಿದಳು. ಮಷಿನ್ನಿನ ಪಕ್ಕೆಗೆ ಕಿಂಡಿ ಕೊರೆದು, ಹಳೆಯ ಸಾಕೆಟ್ಟನ್ನು ಸಣ್ಣ ಸಣ್ಣ ವೈರುಗಳ ಮೇಲೆ ಮತ್ತೆ ಕೂರಿಸಿದಳು. ಹಿಂದಿನಿಂದ ಹೊಸ ಟಿವಿಗೆ, ಪಕ್ಕದಿಂದ ಡಬ್ಬಾ ಟಿವಿಗೆ. ಗುರುಗಳ ಹಳೆಯ ಡಬ್ಬಾ ಟಿವಿಗೆ ಹಚ್ಚಿ, ದಸ್ತಗೀರ್ ಕೊಟ್ಟು ಕಳಿಸಿದ್ದ ಬಂದೂಕು ಚುಚ್ಚಿ, ಈ ಸಲ ಆಡಿದಳು. ಒಂದು ತಾಸು ಆಡಿದಳು. ಹಕ್ಕಿ ಬಿದ್ದಾಗಲೆಲ್ಲ ಗುರುಗಳು "ಹ್ಞೂಂ" ಅಂದರು.

ಭಾನುವಾರ ಸಂಜೆಗೆ ನಾಲ್ಕು ಮಷಿನ್ನು ಸರಿಹೋದವು.

ಉಳಿದೆರಡು ಆಗಲಿಲ್ಲ. ಕಟರ್ ಹಾಕಿದಾಗ ಸಾಕೆಟ್ಟಿನ ಕಾಲಷ್ಟೇ ಅಲ್ಲ, ಬೋರ್ಡಿನ ಮೇಲಿನ ತಾಮ್ರದ ಗೆರೆಗಳೂ ಕಿತ್ತು ಬಂದಿದ್ದವು. ಬೆಸೆಯಲು ಏನೂ ಉಳಿದಿರಲಿಲ್ಲ.

"ಏನು ಹೇಳ್ಲಿ ಅವಗ?" ಅಂದಳು. "ಹಳೇ ಬೋರ್ಡು, ತಾನ ಹೋಗಿತ್ತು ಅಂದ್ರ ನಂಬತಾನ. ಅವಗೇನು ಗೊತ್ತಾಗತೈತಿ?"

"ಏನೂ ಗೊತ್ತಾಗಂಗಿಲ್ಲ," ಅಂದರು ಗುರುಗಳು, ಚಾಪೆ ಹಾಸಿಕೊಳ್ಳುತ್ತ.

ಅಷ್ಟೇ. ಹೇಳು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವಳಿಗೆ ಆ ಚಾಪೆಯನ್ನು ಎಳೆದುಬಿಡಬೇಕು ಅನ್ನಿಸಿತು.

ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೇಳಿದಳು:

"ನೀವೂ ಬರ್ರಿ, ಗುರುಗಳ."

"ಯಾಕ?"

"ಅವ ಬೈತಾನ್ರಿ."

"ಬೈಸಿಕೊಳ್ಳಾಕ ಇಬ್ರು ಬೇಕೇನು?"

ಒಬ್ಬಳೇ ಹೋದಳು. ಅಂಗಡಿಯ ಮುಂದೆ ಹುಡುಗರು ಆಗಲೇ ಸಾಲು ನಿಂತಿದ್ದರು. ನಾಲ್ಕು ಮಷಿನ್ನನ್ನು ಡಬ್ಬಾ ಟಿವಿಗೆ ಹಚ್ಚಿದಳು. ಹಕ್ಕಿಗಳು ದಬದಬ ಬಿದ್ದವು. ದಸ್ತಗೀರ್ ನಗುತ್ತಿದ್ದ. ಉಳಿದೆರಡರ ಮಾತು ಎತ್ತಲು ಅದಕ್ಕಿಂತ ಕೆಟ್ಟ ಹೊತ್ತು ಇರಲಿಲ್ಲ.

"ಸಾಹೇಬ್ರ, ಈ ಎರಡು ಡಬ್ಬಾ ಟಿವಿಗೆ ನಡೆಯಂಗಿಲ್ಲ. ಬೋರ್ಡು ಹಳೇದಾಗಿ ಹೋಗಿದ್ದಲ್ಲ. ದಿನ ಸಾಲಲಿಲ್ಲ ಅಂತ ಕಟರ್ ಹಾಕಿದೆ. ನಾ ಕೆಡಿಸಿದ್ದು."

ಈಗ ದಸ್ತಗೀರ್ ಬೈದ. ಶನಿವಾರದ್ದನ್ನೂ ಸೇರಿಸಿ ಬೈದ. ಹುಡುಗರು ಆಟ ಬಿಟ್ಟು ಕೇಳಿದರು.

"ಆರು ಹೊಸಾ ಟಿವಿ ತಂದೀನಿ! ಎರಡಕ್ಕ ಈ ಎರಡು ಮಷಿನ್ನು ಹಚ್ಚಿ, ಬಂದೂಕು ಬ್ಯಾಡದ ಕಾರಿನ ಆಟ ಆಡಸ್ತೀನಿ, ಉಳಿದ ನಾಲ್ಕರ ಮ್ಯಾಲೆ ಏನು ಮಾಡ್ಲಿ? ನಾ ಒಬ್ಬನ ಕುಂತು ನಾಲ್ಕು ಧಾರಾವಾಹಿ ನೋಡ್ಲೇನು?"

ಬೈದು ಮುಗಿದ ಮೇಲೆ ನಾಲ್ಕು ಮಷಿನ್ನಿನ ಇಪ್ಪತ್ತು ಸಾವಿರ ಕೊಟ್ಟ. ಎರಡರದು ಕೊಡಲಿಲ್ಲ. ಅವಳು ಕೇಳಲೂ ಇಲ್ಲ.

ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿದ: "ಅಕ್ಕಾರ! ಮನ್ಯಾಗ ಇನ್ನೊಂದು ಐತಿ, ಕೆಟ್ಟು ನಿಂತೈತಿ. ನಾಳೆ ಕಳಸ್ತೀನಿ. ಕಟರ್ ಮುಟ್ಟಬ್ಯಾಡ್ರಿ ಮತ್ತ!"

ಆಶ್ರಮಕ್ಕೆ ಬಂದು ನಡೆದದ್ದನ್ನು ಹೇಳಿ ದುಡ್ಡು ಕೊಟ್ಟಳು. ಗುರುಗಳು ಎಣಿಸದೆ ಡ್ರಾಯರಿಗೆ ಹಾಕಿದರು. ಅವಳು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಬೆಸುಗೆ ಹಾಕುವ ಕಾವಿಯ ಮೂತಿ ಒರೆಸತೊಡಗಿದಳು.

"ಅಲ್ಲ್ಯಾಕ ಕುಂತಿ?"

"ಕಿಟಕಿ ಮೇಜಿನ ಮಾತು ಬಿಡ್ರಿ, ಗುರುಗಳ. ಎರಡು ಮಷಿನ್ನು ಕೆಡಿಸೀನಿ. ಊರ ಮುಂದ ಬೈಸಿಕೊಂಡು ಬಂದೀನಿ. ನನಗ ಆ ಮೇಜು ಬ್ಯಾಡ."

ಗುರುಗಳು ತಲೆ ಚಚ್ಚಿಕೊಂಡರು.

"ಬೇಕೋ ಬ್ಯಾಡೋ ಅಂತ ನಿನ್ನ ಯಾರು ಕೇಳಿದ್ರು? ಆ ಮೇಜಿಗೆ ಕುಂತು ನಲವತ್ತು ವರ್ಷದಾಗ ನಾ ಗಳಿಸಿದ್ದು, ಕೆಡಿಸೀನಿ ಅಂತ ಗಿರಾಕಿ ಮುಂದ ನಿಂತು ಹೇಳಿದ ಹನ್ನೊಂದು ಮಷಿನ್ನು. ನಿಂದು ಎರಡು ಆದ್ವು. ಹೋಗಿ ಕೂಡ್ರು, ಇನ್ನ ಒಂಬತ್ತು ಅದಾವ."